ಕೀಬೋರ್ಡ್ ಕಲಿತದ್ದು ಯಾರ ಕಣ್ಣಿಗೆ ಬೀಳುತ್ತದೆ?

ಪ್ರಶ್ನೆ: ಬದಿಯಡ್ಕದ ಅಧ್ಯಾಪಕಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಒಂದೇ ಫೋನಿನಲ್ಲಿ ಮಕ್ಕಳ ಹೆತ್ತವರಿಗೆ ಕನ್ನಡದಲ್ಲಿ, ಇಲಾಖೆಯ ಗುಂಪಿಗೆ ಮಲಯಾಳದಲ್ಲಿ, ಮನೆಯವರಿಗೆ ನಮ್ಮ ಮನೆಮಾತಾದ ಹವ್ಯಕ ಕನ್ನಡದಲ್ಲಿ ಬರೆಯುವುದು ನನ್ನ ದಿನಚರಿ. ಕೀಬೋರ್ಡ್ ನನ್ನ ರೂಢಿಯನ್ನು ಕಲಿತು, ‘ಆನು’ (ನಾನು) ಎಂದು ಬರೆದೊಡನೆ ‘ಬತ್ತೆ’ (ಬರುತ್ತೇನೆ) ಎಂದು ತಾನೇ ಮುಂದಿಡುವಷ್ಟು ಪಳಗಿದೆ. ಇದರಿಂದ ಅನುಕೂಲವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈಚೆಗೆ ಮಗಳು ಅದೇ ಫೋನಿನಲ್ಲಿ ತನ್ನ ಸಹಪಾಠಿಯ ಹೆಸರನ್ನು ಬರೆದಾಗ, ಮುಂದಿನ ಪದವಾಗಿ ‘ಅಪಸ್ಮಾರ’ ಎಂದು ಮೂಡಿತು. ಆ ಮಗುವಿನ ಆರೋಗ್ಯದ ಬಗ್ಗೆ ನಾನು ಶಾಲೆಯ ನರ್ಸಿಗೆ ಬರೆದಿದ್ದೆ. “ಅದಕ್ಕೆ ಅಪಸ್ಮಾರ ಇದ್ದೋ ಅಮ್ಮಾ?” ಎಂಬ ಮಗಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಲಿತದ್ದೆಲ್ಲ ಫೋನಿನಲ್ಲೇ ಉಳಿಯುತ್ತದೆ ಎಂಬ ಭರವಸೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅನುಕೂಲವನ್ನು ಬಿಟ್ಟುಕೊಡದೆ ಇಂಥದ್ದನ್ನು ತಡೆಯುವ ದಾರಿಯಿದೆಯೇ?

ಉತ್ತರ 1: ಮಂಜೇಶ್ವರದ ತಂತ್ರಾಂಶ ಉದ್ಯೋಗಿ

ಟೀಚರೇ, ಇಲ್ಲಿ ಎರಡು ಕಲಿಕೆಗಳಿವೆ. ಮೊದಲನೆಯದು ನಿಮ್ಮ ಫೋನಿನೊಳಗಿನ ಸ್ವಂತ ಪದಕೋಶ. ‘ಬತ್ತೆ’ಯೂ ‘ಅಪಸ್ಮಾರ’ವೂ ಬಂದದ್ದು ಅಲ್ಲಿಂದ. ಎರಡನೆಯದು ಎಲ್ಲ ಬಳಕೆದಾರರಿಗೂ ಹಂಚುವ ಸಾಮಾನ್ಯ ಮಾದರಿ, ಅಂದರೆ ಮುಂದಿನ ಪದವನ್ನು ಊಹಿಸುವ ಲೆಕ್ಕಾಚಾರ. ಹಿಂದೆ ಅದನ್ನು ಸುಧಾರಿಸಬೇಕಾದರೆ ಜನರ ಬರವಣಿಗೆಯನ್ನೇ ಕಂಪೆನಿಯ ಸರ್ವರಿಗೆ ತರಿಸಿಕೊಳ್ಳಬೇಕಿತ್ತು. ಗೂಗಲ್‌ನ ಸಂಶೋಧಕರು 2016ರಲ್ಲಿ ಮಂಡಿಸಿ, 2017ರಲ್ಲಿ ತಮ್ಮ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಪ್ರಯೋಗಿಸಿದ ಫೆಡರೇಟೆಡ್ ಲರ್ನಿಂಗ್‌ನಲ್ಲಿ ಮಾದರಿಯೇ ಫೋನಿಗೆ ಬರುತ್ತದೆ. ಫೋನ್ ಚಾರ್ಜಿಗಿದ್ದು, ವೈಫೈಯಲ್ಲಿದ್ದು, ಯಾರೂ ಬಳಸದ ಹೊತ್ತಿನಲ್ಲಿ ಅಲ್ಲೇ ಕಲಿತು, ಮಾದರಿಯೊಳಗಿನ ಸಂಖ್ಯೆಗಳಲ್ಲಿ ಕಲಿಕೆಯಿಂದಾದ ಬದಲಾವಣೆಯನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ.

ಬರೀ ಸಂಖ್ಯೆಗಳಲ್ಲವೇ ಎಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಅವುಗಳಿಂದಲೇ ಮೂಲ ಚಿತ್ರವನ್ನೂ ಪದಗಳನ್ನೂ ಮರಳಿ ಕಟ್ಟಬಹುದೆಂದು 2019ರ ಸಂಶೋಧನೆಯೊಂದು ತೋರಿಸಿದೆ. ಇಂಥದ್ದನ್ನು ತಡೆಯಲೆಂದೇ ಹಲವು ಫೋನುಗಳ ಸಂಖ್ಯೆಗಳನ್ನು ಮರೆಮಾಡಿ, ಒಟ್ಟು ಮೊತ್ತವನ್ನು ಮಾತ್ರ ಸರ್ವರ್ ಓದುವಂತೆ ಮಾಡುವ ವಿಧಾನವನ್ನೂ ಗೂಗಲ್ ಸಂಶೋಧಕರು ರೂಪಿಸಿದ್ದಾರೆ. ಮತ್ತೊಂದು ಕಾವಲು, ಗಣಕ ವಿಜ್ಞಾನಿ ಸಿಂಥಿಯಾ ಡ್ವರ್ಕ್ ಮತ್ತಿತರರು 2006ರಲ್ಲಿ ನಿರೂಪಿಸಿದ ಡಿಫರೆನ್ಷಿಯಲ್ ಪ್ರೈವಸಿ, ಅಂದರೆ ಮಾಹಿತಿಗೆ ಬೇಕೆಂದೇ ಏರುಪೇರು ಬೆರೆಸಿ ಒಬ್ಬೊಬ್ಬರನ್ನು ಅಡಗಿಸುವ ಉಪಾಯ. ಇದರ ಬೇರು 1965ರಷ್ಟು ಹಳೆಯ ಸಮೀಕ್ಷಾ ವಿಧಾನವೊಂದರಲ್ಲಿದೆ. ಸೊಸೈಟಿಯಲ್ಲಿ ಸಾಲ ಬಾಕಿಯಿದೆಯೇ ಎಂದು 1000 ಮಂದಿಯನ್ನು ಕೇಳಬೇಕಾಗಿದೆ ಎನ್ನಿ. ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ನಿಜ ಹೇಳಬೇಕು; ಟೇಲ್ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ನಾಣ್ಯ ಹೇಳಿದಂತೆ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. 300 ‘ಹೌದು’ ಬಂದರೆ ಸುಮಾರು 250 ನಾಣ್ಯದ ಪಾಲು, ಉಳಿದ 50 ನಿಜ ಹೇಳಿದ 500 ಮಂದಿಯ ಪಾಲು. ಅಂದರೆ ಸಾವಿರದಲ್ಲಿ ಸುಮಾರು 100 ಮಂದಿಗೆ ಬಾಕಿಯಿದೆ. ಆದರೆ ‘ಹೌದು’ ಎಂದ ಯಾರೊಬ್ಬರ ಕಡೆಗೂ ಬೊಟ್ಟು ಮಾಡುವಂತಿಲ್ಲ. ಆ್ಯಪಲ್ 2016ರಿಂದ ಇಮೋಜಿಗಳ ಬಳಕೆಯನ್ನು ಅಳೆಯಲು ಇದೇ ಬಗೆಯ ಕಲಬೆರಕೆಯನ್ನು ಮಾಡುತ್ತಿದೆ.

ಉತ್ತರ 2: ಉಪ್ಪಳದ ಅಕ್ಷಯ ಕೇಂದ್ರದ ನೌಕರ

ಮೇಲಿನ ವಿವರಣೆ ಸರಿಯಾದದ್ದೇ, ಆದರೆ ಅದು ದೂರದ ಸರ್ವರಿನ ಭಯಕ್ಕೆ ಉತ್ತರವಾಯಿತೇ ಹೊರತು ಟೀಚರ ಮನೆಯಲ್ಲಿ ನಡೆದದ್ದಕ್ಕಲ್ಲ. ಗಣಿತ ಎಷ್ಟು ಗಟ್ಟಿಯಿದ್ದರೂ ಪದಗಳ ಪಟ್ಟಿ ಫೋನ್ ಹಿಡಿದವರಿಗೆ ತೆರೆದೇ ಇರುತ್ತದೆ. ಜನರ ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ನಮ್ಮ ಅಕ್ಷಯ ಕೇಂದ್ರದಲ್ಲಿ ಇದು ನಿತ್ಯದ ತಲೆನೋವು: ರೇಷನ್ ಕಾರ್ಡಿನ ಅರ್ಜಿಯಲ್ಲಿ ಫೋನ್ ಸಂಖ್ಯೆಯ ಜಾಗದಲ್ಲಿ 9 ಒತ್ತಿದೊಡನೆ, ಬೆಳಗ್ಗಿನಿಂದ ಬಂದುಹೋದವರ ಸಂಖ್ಯೆಗಳು ಸಾಲಾಗಿ ಕೆಳಗಿಳಿಯುತ್ತವೆ, ಪಕ್ಕದಲ್ಲಿ ಕುಳಿತವರು ಅದನ್ನು ಓದುತ್ತಾರೆ. ಹಿಂದೆ ತುಂಬಿದ್ದನ್ನು ತಾನೇ ಮುಂದಿಡುವ ಬ್ರೌಸರಿನ ಆಟೋಫಿಲ್ಲನ್ನು ಪೂರ್ತಿ ನಿಲ್ಲಿಸಿ, ಪ್ರತಿ ಅರ್ಜಿಗೂ ಮುಚ್ಚಿದ ಮೇಲೆ ಏನನ್ನೂ ನೆನಪಿಡದ ಗೆಸ್ಟ್ ವಿಂಡೋ ತೆರೆಯುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ರೀಕಾಲ್ ಎಂಬ ಸೌಲಭ್ಯವೂ ಪರದೆಯ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲೇ ಇಡುವಂಥದ್ದಾಗಿತ್ತು. ಆದರೂ ಒಳಹೊಕ್ಕ ಬೇರೊಂದು ತಂತ್ರಾಂಶ ಆ ಸಂಗ್ರಹವನ್ನು ಓದಬಹುದೆಂದು ಭದ್ರತಾ ತಜ್ಞರು ತೋರಿಸಿದ ಮೇಲೆ, ಕಂಪೆನಿಯು ಬಿಡುಗಡೆಯನ್ನು ಮುಂದೂಡಿ, ಬಳಕೆದಾರರು ತಾವಾಗಿ ಒಪ್ಪಿದರೆ ಮಾತ್ರ ಅದು ನಡೆಯುವಂತೆ ಬದಲಾಯಿಸಬೇಕಾಯಿತು.

ನೀವು ಈಗಲೇ ಮಾಡಬಹುದಾದದ್ದಿಷ್ಟು. ಜಿಬೋರ್ಡ್ ಆದರೆ, ಬೇಡದ ಪದ ಮೂಡಿದಾಗ ಅದನ್ನು ಒತ್ತಿ ಹಿಡಿದು ಕಸದ ಬುಟ್ಟಿಯ ಚಿಹ್ನೆಗೆ ಎಳೆದರೆ ಅದೊಂದೇ ಅಳಿಯುತ್ತದೆ, ‘ಬತ್ತೆ’ ಉಳಿಯುತ್ತದೆ. ಮಕ್ಕಳ ಆರೋಗ್ಯದಂಥ ವಿಷಯಕ್ಕೆ ಸಿಗ್ನಲ್ ಎಂಬ ಸಂದೇಶದ ಆ್ಯಪ್ ಬಳಸಿ, ಅದರ ಇನ್‌ಕಾಗ್ನಿಟೋ ಕೀಬೋರ್ಡ್ ಆಯ್ಕೆಯನ್ನು ಆನ್ ಮಾಡಿಡಿ. ಆಂಡ್ರಾಯ್ಡ್ 8ರಿಂದೀಚೆಗೆ ಆ್ಯಪ್‌ಗಳು ‘ಇಲ್ಲಿ ಬರೆದದ್ದನ್ನು ಕಲಿಯಬೇಡ’ ಎಂದು ಕೀಬೋರ್ಡಿಗೆ ತಿಳಿಸಬಹುದು. ಆದರೆ ಅದು ವಿನಂತಿಯೇ ಹೊರತು ಅಪ್ಪಣೆಯಲ್ಲ, ಪಾಲಿಸುವುದು ಬಿಡುವುದು ಕೀಬೋರ್ಡ್ ತಯಾರಿಸಿದವರ ಕೈಯಲ್ಲಿದೆ. ನಿಮ್ಮ ಫೋನಿನಲ್ಲಿ ಬೇರೆ ಬಳಕೆದಾರರನ್ನು ಸೇರಿಸುವ ವ್ಯವಸ್ಥೆಯಿದ್ದರೆ ಮಗಳಿಗೆ ಪ್ರತ್ಯೇಕ ಖಾತೆ ಮಾಡಿಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಉತ್ತರ 3: ಕಾಸರಗೋಡಿನ ವಕೀಲ

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಮನೆಬಳಕೆಯ ಮಾಹಿತಿಯನ್ನು ಹೊರಗಿಡುತ್ತದೆಯಾದರೂ, ಶಾಲೆಯ ಕೆಲಸಕ್ಕಾಗಿ ಬರೆದ ಮಗುವಿನ ಕಾಯಿಲೆಯ ವಿವರ ಮನೆಬಳಕೆಯದ್ದೆನ್ನುವುದು ಕಷ್ಟ. ಕೀಬೋರ್ಡಿನ ವಿಚಾರ ಹಾಗಿರಲಿ, ಶಾಲೆಯ ಕೆಲಸವನ್ನು ಅಧ್ಯಾಪಕರ ಸ್ವಂತ ಫೋನಿನಲ್ಲಿ ಮಾಡಿಸುವ ಪದ್ಧತಿಯನ್ನೇ ನಾವು ಪ್ರಶ್ನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಬದಿಯಡ್ಕದ ಅಧ್ಯಾಪಕಿ

ಎಲ್ಲರಿಗೂ ಧನ್ಯವಾದಗಳು. ಆ ಪದವನ್ನು ಅಳಿಸಿದ್ದೇನೆ. ಮಗಳಿಗೆ ಖಾತೆ ಮಾಡಲು ನನ್ನ ಫೋನಿನಲ್ಲಿ ಅವಕಾಶವಿಲ್ಲ. ಇನ್ನೊಂದು ಸಂಶಯ: ಸಾಮಾನ್ಯ ಮಾದರಿ ಇಷ್ಟು ಕಾವಲಿನಲ್ಲಿ ಕಲಿಯುವುದಾದರೆ, ನಮ್ಮ ಹವ್ಯಕ, ತುಳು ಪದಗಳು ಎಂದಾದರೂ ಅದರೊಳಗೆ ಬಂದಾವೇ?

ಉತ್ತರ 4: ಮಂಜೇಶ್ವರದ ತಂತ್ರಾಂಶ ಉದ್ಯೋಗಿ

ಸುಲಭದಲ್ಲಿ ಬರಲಾರವು. ಸಾಲದ ಲೆಕ್ಕದಲ್ಲಿ ನಾಣ್ಯದ ಆಟದಿಂದಲೇ ಉತ್ತರ 30ರಷ್ಟು ಆಚೀಚೆ ಆಗುವುದು ಸಹಜ. ಸಾವಿರದಲ್ಲಿ 5 ಮಂದಿ ಮಾತ್ರ ಬಳಸುವ ಪದ ಆ ಏರುಪೇರಿನಲ್ಲಿ ಮುಳುಗಿಹೋಗುತ್ತದೆ. ಒಬ್ಬ ವ್ಯಕ್ತಿಯನ್ನು ಅಡಗಿಸುವ ಉಪಾಯವೇ ಸಣ್ಣ ಭಾಷೆಯನ್ನೂ ಅಡಗಿಸುತ್ತದೆ. ಕಾವಲನ್ನು ಸಡಿಲಿಸುವುದು ಇದಕ್ಕೆ ಪರಿಹಾರವಲ್ಲ. ಸದ್ಯಕ್ಕೆ ನಮ್ಮಂಥವರ ಪಾಲಿಗೆ ಫೋನಿನೊಳಗಿನ ಸ್ವಂತ ಪದಕೋಶವೇ ಹೆಚ್ಚು ಉಪಯುಕ್ತ, ಹಾಗಾಗಿ ಅದನ್ನು ಪೂರ್ತಿ ಅಳಿಸಬೇಡಿ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದಲ್ಲಿ ರೂಪುಗೊಂಡ ಇಂಡಿಕ್ ಕೀಬೋರ್ಡಿನಂಥ ಮುಕ್ತ ತಂತ್ರಾಂಶಗಳಿಗೆ ಪದಪಟ್ಟಿಯನ್ನು ನಾವೇ ತಯಾರಿಸಿ ಕೊಡಬಹುದು. ಅಚ್ಚಾದ ಹವ್ಯಕ ಬರಹಗಳಿಂದ ಪದ ಆರಿಸಿದರೆ ಯಾರ ಖಾಸಗಿ ಪತ್ರವನ್ನೂ ಮುಟ್ಟಬೇಕಾಗಿಲ್ಲ. ಮೊದಲ ಪಟ್ಟಿಯನ್ನು ನಾನು ಆರಂಭಿಸುತ್ತೇನೆ, ಕ್ರಿಯಾಪದಗಳ ರೂಪಗಳನ್ನು ನೀವು ನೋಡಿಕೊಡುವಿರಾದರೆ.