ಸಹಾಯ ಬೇಕು: 5 ರೂಪಾಯಿ ನಾಣ್ಯದ ಮೇಲಿರೋದು ಅಚ್ಚಿನ ದೋಷವಾ, ಸುಮ್ನೆ ಗೀರಾ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ ತಗೊಂಡಾಗ ಚಿಲ್ಲರೆಯಲ್ಲಿ 2015ರ ಹಿತ್ತಾಳೆ ಬಣ್ಣದ 5 ರೂಪಾಯಿ ನಾಣ್ಯ ಬಂತು. ಇಸವಿ ಕೆಳಗೆ ನಕ್ಷತ್ರ ಇದೆ, ಅಂದರೆ ಹೈದರಾಬಾದ್ ಟಂಕಸಾಲೆಯದು.

ಸಿಂಹದ ತಲೆಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ ಇದೆ. ಉಗುರು ಆಡಿಸಿದರೆ ಉಬ್ಬಿದ ಹಾಗೆ ತಡೆಯುತ್ತದೆ. ಗೀರಾಗಿದ್ದರೆ ತಗ್ಗಿರಬೇಕಿತ್ತು, ಅಲ್ವಾ? ಅಚ್ಚು ಬಿರುಕು ಬಿಟ್ಟು, ಆ ಸಂದಿಗೆ ಲೋಹ ನುಗ್ಗಿ ಹೀಗಾಗಿದೆ ಅಂತ ನನ್ನ ಲೆಕ್ಕ.

ಇನ್ನೊಂದು. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆ ಮಗುಚಿದ ಹಾಗೆ ತಿರುಗಿಸಿದರೆ ಎರಡೂ ಮುಖ ನೆಟ್ಟಗೆ ಕಾಣಬೇಕು. ಇದರಲ್ಲಿ 5 ಅಂಕಿ ಬಲಕ್ಕೆ ವಾಲಿದೆ, ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟು. ಇಷ್ಟನ್ನು ದೋಷ ಅಂತ ಲೆಕ್ಕಕ್ಕೆ ತಗೋತೀರಾ, ಇಲ್ಲ ಇದು ಮಾಮೂಲಾ?

ನಮ್ಮಮ್ಮ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಲು ಹೊರಟಿದ್ದರು, ಸದ್ಯ ಕೈಯಿಂದ ಕಿತ್ತುಕೊಂಡೆ! ತಿಕ್ಕಿದರೆ ಮೇಲಿನ ಮೂಲ ಹೊಳಪೇ ಹೋಗುತ್ತದೆ.

ಎರಡೂ ಕಡೆಯ ಫೋಟೋ ಹಾಕಿದ್ದೇನೆ. ಬೇಕಿದ್ದರೆ ಓರೆ ಬೆಳಕಿನಲ್ಲಿ ಇನ್ನೊಂದು ತೆಗೆಯುತ್ತೇನೆ. ಮಾರುವ ಯೋಚನೆ ಇಲ್ಲ, ಲಕ್ಷ ಕೊಡ್ತೀವಿ ಅನ್ನೋ ವಿಡಿಯೋ ಮಾತ್ರ ದಯವಿಟ್ಟು ಕಳಿಸಬೇಡಿ.