‘ರಿಂಗು’ (1998): ಬಾವಿಯ ಸೀನ್ ಕ್ಲೈಮ್ಯಾಕ್ಸೋ, ಟಿವಿಯ ಸೀನೋ?

ಹಾಳೆ_ಪೆನ್ಸಿಲ್ ಕೇಳಿದ್ದು:

ಹಿಡಿಯೊ ನಕಾಟಾ ನಿರ್ದೇಶಿಸಿದ ಜಪಾನಿ ‘ರಿಂಗು’ ಚಿತ್ರದ ಕಥಾಬಂಧವನ್ನು ಸೀನ್ ಸೀನ್ ಬಿಡಿಸಿ ಬರೆಯುತ್ತಿದ್ದೇನೆ. ಇನ್ನೂ ನೋಡಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಕೆಳಗೆ ಎಲ್ಲ ಬಯಲಾಗುತ್ತದೆ.

ಮುಕ್ಕಾಲು ಭಾಗದವರೆಗೆ ಮೂರಂಕದ ಚೌಕಟ್ಟಿಗೆ ಸಲೀಸಾಗಿ ಕೂತಿತು. ನಾಲ್ವರು ಹುಡುಗ ಹುಡುಗಿಯರು ಒಂದೇ ರಾತ್ರಿ, ಒಂದೇ ಹೊತ್ತಿಗೆ ಸಾಯುತ್ತಾರೆ. ಅವರಲ್ಲಿ ಒಬ್ಬಳ ಚಿಕ್ಕಮ್ಮ, ಟಿವಿ ವರದಿಗಾರ್ತಿ ರೇಕೊ, ಇಜು ಪ್ರದೇಶದ ಬಾಡಿಗೆ ಕ್ಯಾಬಿನ್ನಿಗೆ ಹೋಗಿ ಆ ನಾಲ್ವರೂ ನೋಡಿದ್ದ, ನೋಡಿದವರು ವಾರದಲ್ಲಿ ಸಾಯುವ ವಿಡಿಯೊ ಟೇಪ್ ನೋಡುತ್ತಾಳೆ. ಏಳು ದಿನದ ಗಡುವು ಶುರು. ಮಾಜಿ ಗಂಡ ರ್ಯೂಜಿಯೂ ಟೇಪ್ ನೋಡಿ ತನಿಖೆಗೆ ಕೈಜೋಡಿಸುತ್ತಾನೆ. ಓಶಿಮಾ ದ್ವೀಪ, ಅಲ್ಲಿನ ಅತೀಂದ್ರಿಯ ಶಕ್ತಿಯ ಹೆಣ್ಣು ಶಿಜುಕೊ, ಅವಳ ಮಗಳು ಸದಾಕೊ, ಕೊನೆಗೆ ಕ್ಯಾಬಿನ್ನಿನ ಅಡಿಯ ಬಾವಿ.

ತೊಡಕು ಇಲ್ಲಿದೆ. ರೇಕೊ ಬಾವಿಗಿಳಿದು ಸದಾಕೊಳ ಅವಶೇಷ ಹುಡುಕುತ್ತಾಳೆ, ಗಡುವು ದಾಟುತ್ತದೆ, ಅವಳು ಬದುಕುತ್ತಾಳೆ. ಅಲ್ಲಿಗೆ ಶುಭಂ ಅನ್ನಬೇಕು. ಆದರೆ ಮರುದಿನ ರ್ಯೂಜಿಯ ಮನೆಯ ಟಿವಿಯಿಂದ ಸದಾಕೊ ಹೊರಗೆ ಬರುತ್ತಾಳೆ, ಅವನು ಸಾಯುತ್ತಾನೆ. ಎರಡರಲ್ಲಿ ಕ್ಲೈಮ್ಯಾಕ್ಸ್ ಯಾವುದು? ಗತಿ ಕಾಣಿಸಿದ ಮೇಲೂ ದೆವ್ವ ಕೊಲ್ಲುವುದು ಚಿತ್ರ ತನ್ನ ನಿಯಮವನ್ನೇ ಮುರಿದಂತಲ್ಲವೇ? ಇನ್ನೊಂದು, ಇಂಥ ಚಿತ್ರಕ್ಕೆ ಪಟ್ಟಿ ಮಾಡುವಾಗ ಯಾವ ಯಾವ ಕಾಲಂ ಇಟ್ಟುಕೊಳ್ಳುತ್ತೀರಿ?

ಕತ್ತರಿ_ಮೇಜು:

ಮುರಿದಿಲ್ಲ. ‘ಮೂಳೆ ಎತ್ತಿ ಸಂಸ್ಕಾರ ಮಾಡಿದರೆ ಶಾಪ ಬಿಡುತ್ತದೆ’ ಅನ್ನುವ ನಿಯಮವನ್ನು ಚಿತ್ರ ಹಾಕಿಯೇ ಇಲ್ಲ. ಅದು ರೇಕೊ ಮತ್ತು ರ್ಯೂಜಿಯ ಊಹೆ. ಟೇಪಿನಲ್ಲಾಗಲಿ ಓಶಿಮಾದಲ್ಲಾಗಲಿ ಅದಕ್ಕೆ ಆಧಾರ ಸಿಗುವುದಿಲ್ಲ. ನಾವು ಅದನ್ನು ಮರುಮಾತಿಲ್ಲದೆ ನಂಬುವುದಕ್ಕೆ ಕಾರಣ ನಮ್ಮ ತಲೆಯೊಳಗೆ ಮೊದಲೇ ಕೂತಿರುವ ಕಥೆಗಳು. ಸಂಸ್ಕಾರವಾಗದ ಹೆಣ, ಅಲೆಯುವ ಪ್ರೇತ, ಗತಿ ಕಾಣಿಸಿದರೆ ಬಿಡುಗಡೆ. ಜಪಾನಿನವರಿಗೂ ಬಾವಿಯೊಳಗಿನ ಹೆಣ್ಣುದೆವ್ವ ಹೊಸದೇನಲ್ಲ. ಬಾವಿಯಿಂದೆದ್ದು ತಟ್ಟೆ ಎಣಿಸುವ ಒಕಿಕುವಿನ ಕಥೆ ಅಲ್ಲಿ ಮನೆಮಾತು. ಚಿತ್ರಕಥೆ ನಮ್ಮ ಆ ನಂಬಿಕೆಯ ಮೇಲೆ ಸವಾರಿ ಮಾಡುತ್ತದೆ, ಅಷ್ಟೇ.

ಇದು ನಿಮ್ಮ ಪಟ್ಟಿಯಲ್ಲಿ ಎದ್ದು ಕಾಣದಿದ್ದರೆ ಕಾಲಂಗಳಲ್ಲಿ ಏನೋ ಕೊರತೆಯಿದೆ. ನಾಲ್ಕು ಸಾಕು. ಮೊದಲನೆಯದು ನಿಮಿಷ. ಎರಡನೆಯದು ಏನಾಯಿತು ಅನ್ನುವುದು, ಒಂದೇ ವಾಕ್ಯದಲ್ಲಿ. ಅದರಲ್ಲಿ ಕಣ್ಣಿಗೆ ಕಾಣುವ ಕೆಲಸವಿರಬೇಕು. ‘ರೇಕೊಗೆ ಭಯ ಹೆಚ್ಚುತ್ತದೆ’ ಎಂದು ಬರೆದರೆ ಹೊಡೆದುಹಾಕಿ, ‘ರೇಕೊ ಫೋಟೊದಲ್ಲಿ ತನ್ನ ಮುಖ ಕಲಸಿಹೋಗಿರುವುದನ್ನು ನೋಡುತ್ತಾಳೆ’ ಎಂದು ಬರೆಯಿರಿ. ಮೂರನೆಯದು ಈ ಸೀನಿನಿಂದ ಹೊಸದಾಗಿ ಏನು ಗೊತ್ತಾಯಿತು. ನಾಲ್ಕನೆಯದು ಅದು ಗೊತ್ತಾದದ್ದು ಯಾವ ದಾರಿಯಿಂದ: ಗಾಳಿಸುದ್ದಿಯೋ, ಪಾತ್ರದ ಊಹೆಯೋ, ಕಣ್ಣೆದುರಿನ ಸಾಬೀತೋ. ಗಾ, ಊ, ಸಾ ಎಂದು ಒಂದೊಂದು ಅಕ್ಷರ ಹಾಕಿದರೆ ಸಾಕು. ದೆವ್ವದ ಚಿತ್ರಕ್ಕೆ ಈ ನಾಲ್ಕನೆಯ ಕಾಲಂ ಇಲ್ಲದೆ ಉಳಿದ ಮೂರಕ್ಕೆ ಬೆಲೆಯಿಲ್ಲ.

ತುಂಬಿ ನೋಡಿ. ‘ಟೇಪ್ ನೋಡಿದವರು ವಾರದಲ್ಲಿ ಸಾಯುತ್ತಾರೆ’: ಮೊದಲು ಗಾ, ನಾಲ್ವರ ಸಾವಿನ ಹೊತ್ತು ಹೊಂದಿಕೆಯಾದ ಮೇಲೆ ಸಾ. ‘ನೋಡಿದವರ ಮುಖ ಫೋಟೊದಲ್ಲಿ ಕಲಸುತ್ತದೆ’: ಸಾ. ‘ಟೇಪ್ ಮುಗಿದೊಡನೆ ಫೋನ್ ಬರುವುದು ಇಜುವಿನ ಕ್ಯಾಬಿನ್ನಿನಲ್ಲಿ ಮಾತ್ರ’: ಸಾ. ರೇಕೊಗೆ ಇದು ತಡವಾಗಿ ಹೊಳೆಯುತ್ತದೆ, ಅವರು ಕ್ಯಾಬಿನ್ನಿಗೆ ವಾಪಸಾಗುವುದು ಇದರಿಂದಲೇ. ‘ಸದಾಕೊಳನ್ನು ಹೊರತೆಗೆದರೆ ಬಚಾವು’: ಊ. ಇಡೀ ಬಾವಿಯ ಪ್ರಸಂಗ ನಿಂತಿರುವುದು ಈ ಒಂದು ‘ಊ’ ಮೇಲೆ.

ಮೂರನೆಯ ಕಾಲಂ ಖಾಲಿ ಬಿದ್ದ ಸೀನ್ ಸಿಕ್ಕರೆ ಅಲ್ಲೇ ಪೆನ್ಸಿಲ್ ನಿಲ್ಲಿಸಿ. ರ್ಯೂಜಿ ಟೇಪಿನ ಒಂದು ಪ್ರತಿ ಬೇಕೆನ್ನುತ್ತಾನೆ, ರೇಕೊ ಮಾಡಿಕೊಡುತ್ತಾಳೆ. ಏನು ಗೊತ್ತಾಯಿತು? ಏನೂ ಇಲ್ಲ. ಕೂತು ಅಭ್ಯಾಸ ಮಾಡಲು ಒಂದು ಪ್ರತಿ, ಅಷ್ಟೇ ಅನಿಸುತ್ತದೆ. ಇಷ್ಟು ಬಿಗಿಯಾದ ಸುಮಾರು 95 ನಿಮಿಷದ ಚಿತ್ರ ಏನೂ ಹೇಳದ ಸೀನಿಗೆ ಜಾಗ ಕೊಟ್ಟಿದೆ ಎಂದರೆ ಅದರ ಬಾಕಿ ಮುಂದೆಲ್ಲೋ ವಸೂಲಾಗುತ್ತದೆ. ರೇಕೊ ಬದುಕಿದ್ದು ಬಾವಿಯಿಂದಲ್ಲ, ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸಿದ್ದರಿಂದ. ರ್ಯೂಜಿ ಪ್ರತಿ ಮಾಡಲಿಲ್ಲ, ಯಾರಿಗೂ ತೋರಿಸಲೂ ಇಲ್ಲ.

ಕ್ಲೈಮ್ಯಾಕ್ಸ್ ವಿಷಯ. ಚಿತ್ರದಲ್ಲಿ ಎರಡು ಪ್ರಶ್ನೆ ಒಂದರ ಮೇಲೊಂದು ಕೂತಿವೆ. ‘ಇವಳು ಯಾರು, ಏನಾಯಿತು ಇವಳಿಗೆ?’ ಇದಕ್ಕೆ ಉತ್ತರ ಬಾವಿ. ‘ಸಾವು ತಪ್ಪಿಸುವುದು ಹೇಗೆ?’ ಇದಕ್ಕೆ ಉತ್ತರ ಟಿವಿಯ ನಂತರ, ಚೀಲದಲ್ಲಿರುವ ಆ ಪ್ರತಿಯನ್ನು ರೇಕೊ ನೋಡಿದಾಗ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಖುಷಿಯಲ್ಲಿ ಎರಡನೆಯದಕ್ಕೂ ಸಿಕ್ಕಿತು ಎಂದು ನಾವು ಲೆಕ್ಕ ಬರೆದುಕೊಂಡುಬಿಡುತ್ತೇವೆ. ನನ್ನ ಕೇಳಿದರೆ ಬಾವಿ ಸುಳ್ಳು ಕ್ಲೈಮ್ಯಾಕ್ಸ್, ಟಿವಿ ನಿಜವಾದದ್ದು, ರೇಕೊ ಪ್ರತಿಯನ್ನು ಗುರುತಿಸುವುದು ಬಿಡುಗಂಟು.

ಗಡಿಯಾರದ_ಮುಳ್ಳು:

ಮೇಲಿನವರು ಗಡುವುಗಳ ಲೆಕ್ಕ ಬಿಟ್ಟರು. ಸುಳ್ಳು ಕ್ಲೈಮ್ಯಾಕ್ಸ್ ನಿಂತಿರುವುದೇ ಅದರ ಮೇಲೆ.

ಚಿತ್ರದಲ್ಲಿ ಓಡುವುದು ಒಂದು ಗಡಿಯಾರವಲ್ಲ, ಮೂರು. ರೇಕೊಳದು ಮೊದಲು. ರ್ಯೂಜಿಯದು ಅವಳದಕ್ಕಿಂತ ಒಂದು ದಿನ ತಡ. ಟೇಪ್ ನೋಡಿಬಿಟ್ಟ ರೇಕೊಳ ಮಗ ಯೊಯಿಚಿಯದು ಇನ್ನೂ ಕೆಲವು ದಿನ ತಡ. ಆ ಒಂದು ದಿನದ ಅಂತರವನ್ನು ತೆಗೆದು ನೋಡಿ. ಇಬ್ಬರೂ ಒಟ್ಟಿಗೆ ಟೇಪ್ ನೋಡಿದ್ದರೆ ಇಬ್ಬರ ಗಡುವೂ ಬಾವಿಯ ಬಳಿಯೇ ಮುಗಿಯುತ್ತಿತ್ತು. ರ್ಯೂಜಿ ಅಲ್ಲೇ ಬಕೆಟ್ ಹಗ್ಗ ಹಿಡಿದು ಸಾಯುತ್ತಿದ್ದ, ಊಹೆ ಸುಳ್ಳೆಂದು ಅದೇ ಕ್ಷಣ ಗೊತ್ತಾಗುತ್ತಿತ್ತು. ‘ಮುಗಿಯಿತು’ ಎಂದು ಉಸಿರು ಬಿಡುವ ಒಂದು ರಾತ್ರಿ ನಮಗೆ ಸಿಗುತ್ತಿರಲಿಲ್ಲ. ಅಂತರ ಮೂರ್ನಾಲ್ಕು ದಿನವಾಗಿದ್ದರೆ ಚಿತ್ರ ಸಡಿಲಾಗುತ್ತಿತ್ತು, ನೋಡುಗನೇ ‘ರ್ಯೂಜಿಯ ವಾರ ಯಾವಾಗ ಮುಗಿಯುತ್ತದೆ?’ ಎಂದು ಎಣಿಸತೊಡಗುತ್ತಿದ್ದ. ಒಂದು ದಿನ ಅನ್ನುವುದು ಅಳೆದು ತೂಗಿ ಇಟ್ಟ ಅಂತರ.

ಯೊಯಿಚಿಯ ಗಡಿಯಾರಕ್ಕೆ ಬೇರೆ ಕೆಲಸ. ರ್ಯೂಜಿ ಸತ್ತ ಮೇಲೆ ಕಥೆಗೆ ಓಡಲು ಕಾರಣ ಬೇಕಲ್ಲ? ಮಗನ ದಿನ ಇನ್ನೂ ಉಳಿದಿದೆ. ಹಾಗಾಗಿ ರೇಕೊ ಕಾರು ಹತ್ತುತ್ತಾಳೆ, ಟೇಪನ್ನು ತನ್ನ ತಂದೆಗೆ ತೋರಿಸುವ ಲೆಕ್ಕ ಹಾಕಿಕೊಂಡು.

ನಿಮ್ಮ ಪಟ್ಟಿಯ ಬಲಬದಿಗೆ ಇನ್ನು ಮೂರು ಸಣ್ಣ ಕಾಲಂ ಎಳೆದು ಪ್ರತಿ ಸೀನಿಗೂ ‘ಉಳಿದ ದಿನ’ ಬರೆಯಿರಿ. ದಿನಾಂಕಗಳನ್ನು ಚಿತ್ರವೇ ತೆರೆಯ ಮೇಲೆ ಹಾಕುತ್ತದೆ, ಊಹಿಸುವ ಅಗತ್ಯವಿಲ್ಲ. ಒಂದು ಎಚ್ಚರ: ಶಿಜುಕೊ ಪತ್ರಕರ್ತರೆದುರು ತನ್ನ ಶಕ್ತಿ ತೋರಿಸಿದ ಪ್ರದರ್ಶನದಂಥ ಹಳೆಯ ಘಟನೆಗಳನ್ನು ನಡೆದ ಕಾಲಕ್ರಮದಲ್ಲಿ ಜೋಡಿಸಬೇಡಿ. ತೆರೆಯ ಮೇಲೆ ಬಂದ ಕ್ರಮದಲ್ಲೇ ಇರಲಿ. ಕಾಲಕ್ರಮಕ್ಕೆ ಬೇರೆ ಹಾಳೆ. ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿದರೆ ಯಾವ ಮಾಹಿತಿಯನ್ನು ಎಷ್ಟು ಹೊತ್ತು ಬಚ್ಚಿಟ್ಟರು ಅನ್ನುವುದು ಅಳಿಸಿಹೋಗುತ್ತದೆ.

ಹಾಳೆ_ಪೆನ್ಸಿಲ್:

ಇಬ್ಬರಿಗೂ ವಂದನೆ. ಫೋಟೊ ಸೀನನ್ನು ನಾನು ‘ಹೆದರಿಸುವ ಸೀನ್’ ಎಂದು ಬರೆದು ಬಿಟ್ಟಿದ್ದೆ, ತಿದ್ದುತ್ತೇನೆ. ಇನ್ನೊಂದು ಅನುಮಾನ: ನಮ್ಮ ಲೆಕ್ಕದಲ್ಲಿ ಇದಕ್ಕೆ ಇಂಟರ್ವಲ್ ಎಲ್ಲಿ ಬೀಳುತ್ತದೆ? ನಾನು ಓಶಿಮಾಕ್ಕೆ ಹೊರಡುವಲ್ಲಿ ಇಟ್ಟಿದ್ದೇನೆ.

ಕತ್ತರಿ_ಮೇಜು:

ಊರು ಬದಲಾದರೆ ತಿರುವು ಎಂದಲ್ಲ ಸ್ವಾಮಿ. ಅಜ್ಜನ ಮನೆಯಲ್ಲಿ ರಾತ್ರಿ ರೇಕೊ ಎಚ್ಚರಗೊಂಡು ನೋಡಿದರೆ ಯೊಯಿಚಿ ಟಿವಿ ಮುಂದೆ ಕೂತು ಆ ಟೇಪ್ ನೋಡುತ್ತಿದ್ದಾನೆ. ಇಂಟರ್ವಲ್ ಕಾರ್ಡು ಅಲ್ಲೇ ಬೀಳಬೇಕು. ಅಲ್ಲಿಯತನಕ ಅವಳು ತನ್ನ ಜೀವಕ್ಕಾಗಿ ಓಡುತ್ತಿದ್ದಳು, ಅಲ್ಲಿಂದ ಮಗನಿಗಾಗಿ. ಓಶಿಮಾ ಪ್ರಯಾಣ ಅದರ ಪರಿಣಾಮ.

ತೆಂಗಿನಗರಿ:

ಎಲ್ಲರೂ ಹೊಗಳುತ್ತಿರುವಾಗ ಒಂದು ತಕರಾರು. ಓಶಿಮಾದ ಭಾಗ ಕಥಾಬಂಧದ ದೃಷ್ಟಿಯಿಂದ ದುರ್ಬಲ. ರ್ಯೂಜಿಗೆ ಅತೀಂದ್ರಿಯ ಶಕ್ತಿಯಿದೆ. ಶಿಜುಕೊಳ ಬಂಧು ತಕಾಶಿಯನ್ನು ಅವನು ಮುಟ್ಟಿದೊಡನೆ ಹಳೆಯ ಪ್ರದರ್ಶನವೆಲ್ಲ ಕಣ್ಣಮುಂದೆ ಬರುತ್ತದೆ: ಸಿಟ್ಟಿಗೆದ್ದ ಪತ್ರಕರ್ತರು, ಅವರಲ್ಲೊಬ್ಬನ ಸಾವು, ಕೊಂದದ್ದು ಪುಟ್ಟ ಸದಾಕೊ. ತನಿಖೆಯ ಕಥೆಯಲ್ಲಿ ಮಾಹಿತಿಯನ್ನು ದುಡಿದು ಪಡೆಯಬೇಕು, ಇಲ್ಲಿ ಪುಕ್ಕಟೆ ಸಿಕ್ಕಿತು. ನಿಮ್ಮ ನಾಲ್ಕನೆಯ ಕಾಲಂನಲ್ಲಿ ಇದಕ್ಕೆ ಯಾವ ಅಕ್ಷರ ಹಾಕುತ್ತೀರಿ? ಗಾ, ಊ, ಸಾ ಯಾವುದೂ ಹೊಂದುವುದಿಲ್ಲ.

ಕೋಜಿ ಸುಜುಕಿಯ ಮೂಲ ಕಾದಂಬರಿ (1991) ಈ ವಿಷಯದಲ್ಲಿ ಗಟ್ಟಿ. ಅಲ್ಲಿ ವರದಿಗಾರ ಗಂಡಸು, ರ್ಯೂಜಿ ಅವನ ಗೆಳೆಯ. ಟೇಪಿನ ನಡುನಡುವೆ ತೆರೆ ಕ್ಷಣಕಾಲ ಕಪ್ಪಾಗುವುದನ್ನು ಗಮನಿಸಿ, ಅದು ಕಣ್ಣು ಮಿಟುಕಿದ್ದು, ಅಂದರೆ ಇದು ಕ್ಯಾಮೆರಾದಲ್ಲಿ ತೆಗೆದದ್ದಲ್ಲ, ಯಾರೋ ಕಣ್ಣಾರೆ ಕಂಡದ್ದು ಎಂದು ಪತ್ತೆ ಮಾಡುತ್ತಾರೆ. ಅದು ದುಡಿದು ಪಡೆದ ಮಾಹಿತಿ.

ಇನ್ನೂ ದೊಡ್ಡ ವ್ಯತ್ಯಾಸವಿದೆ. ಕಾದಂಬರಿಯ ಟೇಪಿನ ಕೊನೆಗೆ ಸಾವು ತಪ್ಪಿಸುವ ಉಪಾಯ ಇತ್ತು, ಆದರೆ ಅದರ ಮೇಲೆ ಬೇರೇನೋ ರೆಕಾರ್ಡ್ ಆಗಿ ಅಳಿಸಿಹೋಗಿದೆ. ಅಂದರೆ ‘ಉಪಾಯ ಒಂದಿದೆ, ಅದೇನು?’ ಎಂಬ ಒಗಟು ಮೊದಲಿನಿಂದಲೇ ಓದುಗನ ಮುಂದಿದೆ. ಚಿತ್ರ ಆ ಒಗಟನ್ನೇ ತೆಗೆದುಹಾಕಿತು. ಅದರಿಂದ ಸುಳ್ಳು ಕ್ಲೈಮ್ಯಾಕ್ಸ್ ನಂಬಲು ಸುಲಭವಾಯಿತು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಕೊನೆಯ ಉತ್ತರ ಸ್ವಲ್ಪ ಅವಸರದಲ್ಲಿ ಬರುತ್ತದೆ. ಟಿವಿಯ ಗಾಜಿನಲ್ಲಿ ಮುಖಕ್ಕೆ ಬಟ್ಟೆ ಹೊದ್ದ ಆಕೃತಿ ಕಾಣಿಸಿಕೊಂಡು ಬೆರಳು ತೋರಿಸಿ ‘ಅಲ್ಲಿ ನೋಡು’ ಎಂದು ಹೇಳಬೇಕಾಗಿ ಬಂತು.

ಗಡಿಯಾರದ_ಮುಳ್ಳು:

ತಕರಾರು ನ್ಯಾಯವಾದದ್ದೇ. ಪುಕ್ಕಟೆ ಮಾಹಿತಿಗೆ ‘ಪು’ ಎಂದು ಹೊಸ ಅಕ್ಷರ ಮಾಡಿಕೊಳ್ಳಿ. ಒಂದು ಚಿತ್ರದಲ್ಲಿ ಎಷ್ಟು ‘ಪು’ ಬಂದವು ಎಂದು ಎಣಿಸಿದರೆ ಚಿತ್ರಕಥೆ ಎಲ್ಲಿ ಬಳಲಿದೆ ಅನ್ನುವುದು ಗೊತ್ತಾಗುತ್ತದೆ. ಆದರೆ ಇಲ್ಲಿ ಪುಕ್ಕಟೆ ಸಿಕ್ಕಿದ್ದು ‘ಇವಳು ಯಾರು’ ಅನ್ನುವ ಮೊದಲ ಪ್ರಶ್ನೆಯ ಉತ್ತರ ಮಾತ್ರ. ಜೀವ ಉಳಿಸುವ ಎರಡನೆಯ ಉತ್ತರಕ್ಕೆ ರ್ಯೂಜಿಯ ಶಕ್ತಿ ಕೂದಲೆಳೆಯಷ್ಟೂ ನೆರವಾಗಲಿಲ್ಲ. ಎಲ್ಲ ಕಾಣಬಲ್ಲವನೇ ಸತ್ತ. ಅದು ಬೇಕೆಂದೇ ಮಾಡಿದ ಏರ್ಪಾಡು ಅನಿಸುತ್ತದೆ.

ಅಂಚೆಪೆಟ್ಟಿಗೆ:

ಒಂದು ಮಾತು ಸೇರಿಸುತ್ತೇನೆ. ಈ ಶಾಪದ ಒಡಲು ನಮಗೆ ಚೆನ್ನಾಗಿ ಪರಿಚಯವಿರುವುದೇ. ‘ಈ ಪತ್ರ ಓದಿದವರು ಇಂತಿಷ್ಟು ಪ್ರತಿ ಮಾಡಿ ಹಂಚಬೇಕು, ಹಂಚದಿದ್ದರೆ ಕೇಡು’ ಎಂದು ದೇವರ ಹೆಸರಲ್ಲಿ ಬರುತ್ತಿದ್ದ ಕರಪತ್ರ, ಈಗ ವಾಟ್ಸಾಪಿನಲ್ಲಿ ಬರುವ ‘ಹನ್ನೊಂದು ಜನಕ್ಕೆ ಕಳಿಸಿ’. ಗಡುವು, ಪ್ರತಿ, ಹಂಚಿಕೆ, ಮೂರೂ ಅಲ್ಲಿವೆ. ಶಾಪ ತೀರುವುದಿಲ್ಲ, ಕೈ ಬದಲಾಗುತ್ತದೆ. ಬೆಂಗಳೂರಿನ ಬಾಗಿಲುಗಳ ಮೇಲಿನ ‘ನಾಳೆ ಬಾ’ ಕೂಡ ದೆವ್ವವನ್ನು ಓಡಿಸುತ್ತಿರಲಿಲ್ಲ, ಮುಂದೂಡುತ್ತಿತ್ತು.

ಹಾಗಾಗಿ ಚಿತ್ರದ ಎರಡು ತುದಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಶುರುವಿನಲ್ಲಿ ಶಾಲೆಯ ಹುಡುಗಿಯರು ರೇಕೊಳ ಕ್ಯಾಮೆರಾ ಮುಂದೆ ಗಾಳಿಸುದ್ದಿ ಹೇಳುತ್ತಾರೆ, ಸಾವಿನ ಮಾತಿದೆ, ಉಪಾಯದ ಮಾತಿಲ್ಲ. ಕೊನೆಯಲ್ಲಿ ರೇಕೊಳ ಕಾರು ಹೋಗುತ್ತಿರುವಾಗ ಮತ್ತೆ ಅಂಥದ್ದೇ ದನಿಗಳು ಕೇಳುತ್ತವೆ, ಈ ಸಲ ಉಪಾಯವೂ ಸೇರಿದೆ: ಪ್ರತಿ ಮಾಡಿ ತೋರಿಸಬೇಕು. ಗಾಳಿಸುದ್ದಿಯ ಪಠ್ಯ ಅಷ್ಟು ಉದ್ದವಾಗಿದೆ.

ಮೊದಲ ಸಾವಿನ ಸೀನನ್ನೂ ಇನ್ನೊಮ್ಮೆ ಹಾಕಿ ನೋಡಿ. ರೇಕೊಳನ್ನು ಚಿಕ್ಕಮ್ಮ ಎನ್ನುವ ತೊಮೊಕೊ, ಅವಳ ಗೆಳತಿ ಮಸಾಮಿ ಇಬ್ಬರೇ ಮನೆಯಲ್ಲಿ, ಟೇಪಿನ ಮಾತು ನಡೆದಿದೆ. ಫೋನ್ ರಿಂಗಾಗುತ್ತದೆ. ಇಬ್ಬರೂ ಬೆಚ್ಚುತ್ತಾರೆ. ಎತ್ತಿದರೆ ಮನೆಯವರು, ಬೇಸ್‌ಬಾಲ್ ಪಂದ್ಯ ಲಂಬಿಸಿದೆ, ಬರುವುದು ತಡ. ನಗು, ನಿರಾಳ. ಗೆಳತಿ ಆಚೆ ಹೋದಮೇಲೆ ಟಿವಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹೆದರಿಕೆ, ನಿರಾಳ, ಟಿವಿ. ಬಾವಿ, ನಿರಾಳ, ಟಿವಿ. ಕೊನೆಯ ಭಾಗ ಹೇಗೆ ಕಟ್ಟಲಾಗಿದೆ ಅನ್ನುವುದನ್ನು ಚಿತ್ರ ತನ್ನ ಮೊದಲ ಸಾವಿನಲ್ಲೇ ತೋರಿಸಿಬಿಟ್ಟಿದೆ.

ಹಾಳೆ_ಪೆನ್ಸಿಲ್:

ಮೊದಲ ಸೀನನ್ನು ‘ಮುನ್ನುಡಿ, ಒಂದು ಸಾವು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೆ. ಈಗ ಅದನ್ನು ಐದು ಸಾಲಾಗಿ ಒಡೆಯುತ್ತಿದ್ದೇನೆ: ಮಾತು, ಫೋನ್, ಅಮ್ಮನ ದನಿ, ಗೆಳತಿ ಆಚೆ, ಟಿವಿ. ಅಮ್ಮನ ದನಿಯ ಸಾಲಿನಲ್ಲಿ ಮೂರನೆಯ ಕಾಲಂ ಖಾಲಿ ಬಿದ್ದಿದೆ.