ಅಪ್‌ಡೇಟ್: ಹಳೆ ಗೋವಾದ ಚರ್ಚ್ ಪಕ್ಕದ ಮ್ಯೂಸಿಯಂ ನೋಡಿ ಬಂದೆ

ಸಂತ ಫ್ರಾನ್ಸಿಸ್ ಅಸಿಸಿ ಚರ್ಚ್‌ಗೆ ಅಂಟಿಕೊಂಡಿರುವ ಪುರಾತತ್ವ ಮ್ಯೂಸಿಯಂಗೆ ಸಮಯ ಕೊಡಬಹುದಾ, ಇಲ್ಲ ಚರ್ಚ್‌ಗಳನ್ನಷ್ಟೇ ನೋಡಿದರೆ ಸಾಕಾ ಅಂತ ಕೇಳಿದ್ದೆ. ಹೋಗಿ ಅಂದವರಿಗೆಲ್ಲ ಥ್ಯಾಂಕ್ಸ್!

ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠವಾಗಿದ್ದ ಕಟ್ಟಡ ಅದು. ಒಳಗೆ ಹೋಗುತ್ತಿದ್ದಂತೆ ಗೋವಾ ಗೆದ್ದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ನ ಭಾರಿ ಕಂಚಿನ ಪ್ರತಿಮೆ. ಮಹಡಿಯಲ್ಲಿ ಪೋರ್ಚುಗೀಸ್ ವೈಸ್‌ರಾಯ್, ಗವರ್ನರ್‌ಗಳ ಚಿತ್ರಗಳ ಸಾಲು. ಈ ಸರಣಿ ಶುರುವಾಗಿದ್ದು 16ನೇ ಶತಮಾನದಲ್ಲಿ. ಉಡುಪು, ಗಡ್ಡ, ಟೋಪಿ ಕಾಲಕ್ಕೆ ತಕ್ಕಂತೆ ಬದಲಾಗುವುದು ನೋಡಲು ಮಜಾ; ಹೆಸರುಗಳು ಮಾತ್ರ ನೆನಪಲ್ಲಿ ಉಳಿಯಲ್ಲ ಬಿಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಕಲ್ಲುಗಳು: ವೀರಗಲ್ಲು, ಸತಿಗಲ್ಲು, ಶಾಸನ. ಪೋರ್ಚುಗೀಸರು ಬಂದಿದ್ದು 1510ರಲ್ಲಿ. ಅದಕ್ಕೂ ಮೊದಲಿನ ಕದಂಬರ ಗೋವಾ ಇಲ್ಲಿದೆ. ಬನವಾಸಿ, ಹಾನಗಲ್ ಕಡೆ ವೀರಗಲ್ಲು ನೋಡಿದವರಿಗೆ ಅವುಗಳ ಅಂಕಣಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಹೊಸತೇನಲ್ಲ.

ಚರ್ಚನ್ನೂ ಬಿಡಬೇಡಿ. 1661ರಲ್ಲಿ ಮರುನಿರ್ಮಾಣವಾದರೂ ಹಳೆಯ ಕಟ್ಟಡದ ಬಾಗಿಲುವಾಡವನ್ನು ಹಾಗೇ ಉಳಿಸಿಕೊಂಡಿದ್ದಾರೆ. ನೆಲದ ತುಂಬ ಲಾಂಛನ ಕೆತ್ತಿದ ಸಮಾಧಿ ಕಲ್ಲುಗಳು, ನೋಡಿಕೊಂಡು ಹೆಜ್ಜೆ ಇಡಿ.

ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮ್ಯೂಸಿಯಂಗೆ ಶುಕ್ರವಾರ ರಜೆ.